ಚಾರ್ಜು ಆಗದ ಬ್ಯಾಟರಿ ಬಂಡಿ: ನಾಲ್ಕು ಕ್ರಿಯಾಪದಗಳ ವಿಚಾರ

೧. ಪೀಠಿಕೆ

ಗಾಲ್ಫ್ ಆಟದ ಬಯಲಿನಲ್ಲಿ ಆಟಗಾರರನ್ನೂ ಅವರ ಆಟದ ಕೋಲುಗಳನ್ನೂ ಒಯ್ಯುವುದಕ್ಕಾಗಿ ಹುಟ್ಟಿದ ಸಣ್ಣ ವಿದ್ಯುದ್ಬಂಡಿಯು ಈಗ ಆ ಬಯಲನ್ನು ಬಿಟ್ಟು ಬಹುದೂರ ಬಂದಿದೆ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಳೆಯದಾದರೂ, ನಮ್ಮ ಜನರಲ್ಲಿ ಬಹುಮಂದಿ ಈ ಬಂಡಿಯನ್ನು ಕಂಡಿರುವುದು ಲಾಲ್‌ಬಾಗಿನಲ್ಲಿ. ಆ ತೋಟದ ವಿಸ್ತಾರವು ಸುಮಾರು ೨೪೦ ಎಕರೆ; ಅದನ್ನು ಕಾಲ್ನಡಿಗೆಯಿಂದ ಸುತ್ತಲಾರದ ವೃದ್ಧರಿಗೂ ಅಂಗವಿಕಲರಿಗೂ ಇಂತಹ ಬಂಡಿಯೇ ಆಧಾರವು. ಆಸ್ಪತ್ರೆಗಳ ಆವರಣಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಇದೇ ಜಾತಿಯ ಬಂಡಿಗಳು ಓಡಾಡುತ್ತವೆ. ರಾತ್ರಿ ಚಾರ್ಜು ಮಾಡಲು ಇಟ್ಟ ಬಂಡಿಯು ಬೆಳಿಗ್ಗೆ ಏಳದೆ ಹೋದರೆ, ಆ ದಿನ ತೋಟವನ್ನು ನೋಡದೆ ಹಿಂದಿರುಗುವವರು ಇಂತಹ ಜನರೇ. ಆದಕಾರಣ ಈ ವಿಷಯವನ್ನು ಯಂತ್ರಜ್ಞರ ಗೊಡವೆಯೆಂದು ಬದಿಗೆ ಸರಿಸುವುದು ಉಚಿತವಲ್ಲ.

ಸಾಹಿತ್ಯದ ಅಧ್ಯಾಪಕರು ಓದುವ ಪತ್ರಿಕೆಯಲ್ಲಿ ಬ್ಯಾಟರಿಯ ವಿಚಾರವೇಕೆ ಎಂಬ ಪ್ರಶ್ನೆಗೆ ಪೂರ್ವಪದ್ಧತಿಯೇ ಉತ್ತರವಾಗಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ಪ್ರಾರಂಭವಾದ 'ವಿಜ್ಞಾನ' ಎಂಬ ಮಾಸಪತ್ರಿಕೆಗೂ ದುಡಿದರು; ಪರಿಷತ್ತಿನಿಂದ ೧೯೩೧ರಲ್ಲಿ ಪ್ರಕಟವಾದ ಪಂಪಭಾರತದ ಸಂಪಾದನೆಗೂ ದುಡಿದರು. ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳುವುದೂ ಭಾಷಾಸೇವೆಯೇ ಎಂಬುದು ಅವರ ನಡೆಯಿಂದ ಸ್ಪಷ್ಟವಾಗುತ್ತದೆ.

ಪ್ರಕೃತ ವಿಷಯದಲ್ಲಿ ಭಾಷೆಗೆ ಇನ್ನೂ ಹತ್ತಿರದ ಸಂಬಂಧವುಂಟು. ಬಂಡಿಯು ಕೆಟ್ಟಾಗ ಅದನ್ನು ನಡೆಸುವವನು ನಾಲ್ಕು ಬಗೆಯ ಮಾತುಗಳಲ್ಲಿ ಯಾವುದಾದರೊಂದನ್ನು ಆಡುತ್ತಾನೆ: 'ಚಾರ್ಜು ಆಗುವುದಿಲ್ಲ', 'ಚಾರ್ಜು ಹಿಡಿಯುವುದಿಲ್ಲ', 'ಚಾರ್ಜು ನಿಲ್ಲುವುದಿಲ್ಲ', 'ಚಾರ್ಜು ಮುಗಿಯುವುದಿಲ್ಲ'. ಕೇಳುವವರು ಈ ನಾಲ್ಕನ್ನೂ ಒಂದೇ ಅರ್ಥದಲ್ಲಿ ತೆಗೆದುಕೊಂಡು, 'ಬ್ಯಾಟರಿ ಹೋಯಿತು' ಎಂದು ತೀರ್ಮಾನಿಸಿಬಿಡುವುದುಂಟು. ಹಾಗೆ ತೀರ್ಮಾನಿಸುವುದು ತಪ್ಪು. ನಾಲ್ಕು ಕ್ರಿಯಾಪದಗಳು ನಾಲ್ಕು ಬೇರೆ ಬೇರೆ ದೋಷಗಳನ್ನು ಸೂಚಿಸುತ್ತವೆ. ಅವುಗಳನ್ನು ಬೇರ್ಪಡಿಸಿ ಇಟ್ಟುಕೊಂಡರೆ ಪರೀಕ್ಷೆಯ ಅರ್ಧ ಕೆಲಸವು ಮುಗಿದಂತೆಯೇ ಸರಿ. ಇದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶವು.

೨. ಕೆರೆಯ ದೃಷ್ಟಾಂತ

ಸುಲ್ತಾನ್‌ಪೇಟೆಯ ಆಸುಪಾಸಿನವರಿಗೆ ಇದನ್ನು ತಿಳಿಸಲು ಒಂದು ದೃಷ್ಟಾಂತವು ಹತ್ತಿರದಲ್ಲೇ ಇದೆ. ಕಾಗದದ ವ್ಯಾಪಾರಕ್ಕೂ ಅಚ್ಚಿನ ಕೆಲಸಕ್ಕೂ ಹೆಸರಾದ ಈ ಪೇಟೆಯಿಂದ ಸ್ವಲ್ಪ ದೂರದಲ್ಲಿ, ಈಗ ಕೆಂಪೇಗೌಡ ಬಸ್ ನಿಲ್ದಾಣವಿರುವ ತಗ್ಗಿನಲ್ಲಿ, ಹಿಂದೆ ಧರ್ಮಾಂಬುಧಿ ಕೆರೆ ಇದ್ದಿತು. ಒಂದು ಕೆರೆಯು ಕೆಡುವ ಬಗೆಗಳನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಕಾಲುವೆಯು ಕಟ್ಟಿಕೊಂಡಿದ್ದರೆ ಕೆರೆಗೆ ನೀರು ಬರುವುದಿಲ್ಲ. ಹೂಳು ತುಂಬಿದ್ದರೆ ನೀರು ಬಂದರೂ ಕೆರೆಯು ಹಿಡಿಯುವುದಿಲ್ಲ; ಒಂದೇ ಮಳೆಗೆ ತುಂಬಿದಂತೆ ಕಂಡು, ನಾಲ್ಕು ದಿನಕ್ಕೆ ಬರಿದಾಗುತ್ತದೆ. ತೂಬು ಸೋರುತ್ತಿದ್ದರೆ ಹಿಡಿದ ನೀರು ನಿಲ್ಲುವುದಿಲ್ಲ. ಏರಿಯು ಒಂದೆಡೆ ಕುಸಿದಿದ್ದರೆ ಎಷ್ಟು ಮಳೆ ಹೊಯ್ದರೂ ಕೆರೆಯು ಕೋಡಿ ಬೀಳುವುದೇ ಇಲ್ಲ.

ಕಾಲುವೆ ಕಟ್ಟಿಕೊಂಡದ್ದಕ್ಕೆ ಯಾರೂ ಕೆರೆಯನ್ನೇ ಮುಚ್ಚಿ ಹೊಸ ಕೆರೆಯನ್ನು ತೋಡುವುದಿಲ್ಲ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಅಂತಹ ಅವಿವೇಕವು ನಡೆಯುತ್ತಿದೆ.

೩. ಬ್ಯಾಟರಿಯ ರಚನೆ

ಈ ಬಂಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬಾತನು ೧೮೫೯ರಲ್ಲಿ ಇದನ್ನು ಕಂಡುಹಿಡಿದನು. ಇದರ ಮೂಲಾಂಗವು ಕೋಶ. ಸೀಸದ ಫಲಕವೂ ಸೀಸದ ಡೈಆಕ್ಸೈಡಿನ ಫಲಕವೂ ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಪ್ರತಿಯೊಂದು ಕೋಶವು ಸುಮಾರು ೨ ವೋಲ್ಟ್ ಕೊಡುತ್ತದೆ. ಬ್ಯಾಟರಿಯು ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲವು ನೀರಾಗುತ್ತ ಬರುತ್ತದೆ. ಚಾರ್ಜು ಮಾಡುವಾಗ ಇದು ಹಿಂದುಮುಂದಾಗಿ ನಡೆಯುತ್ತದೆ.

ಬಂಡಿಯೊಂದರಲ್ಲಿ ಸಾಮಾನ್ಯವಾಗಿ ೩೬ ಅಥವಾ ೪೮ ವೋಲ್ಟಿನ ಸಮೂಹವಿರುತ್ತದೆ. ೪೮ ವೋಲ್ಟಿಗೆ ೬ ವೋಲ್ಟಿನ ಎಂಟು, ಇಲ್ಲವೆ ೮ ವೋಲ್ಟಿನ ಆರು, ಇಲ್ಲವೆ ೧೨ ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ೨೦೦೧ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ವಿದ್ಯುತ್ ಕಾರಿನಲ್ಲಿಯೂ ಮೊದಲು ಇದ್ದದ್ದು ೬ ವೋಲ್ಟಿನ ಎಂಟು ಸೀಸದ ಬ್ಯಾಟರಿಗಳೇ. ಜೋಡಣೆ ಹೇಗಿದ್ದರೂ ೪೮ ವೋಲ್ಟಿನಲ್ಲಿ ಒಟ್ಟು ೨೪ ಕೋಶಗಳಿರುತ್ತವೆ. ಸರಪಣಿಯ ಕೊಂಡಿಗಳಂತೆ ಅವುಗಳ ಮೂಲಕ ಒಂದೇ ಪ್ರವಾಹವು ಹರಿಯುತ್ತದೆ. ಆದಕಾರಣ ಒಂದು ಕೋಶದ ದೋಷವು ಸಮೂಹದ ದೋಷವಾಗಿ ತೋರುತ್ತದೆ, ಒಂದು ಸಡಿಲ ಕೊಂಡಿಯು ಎಲ್ಲವನ್ನೂ ನಿಲ್ಲಿಸುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ತತ್ತ್ವದ ವಿಸ್ತಾರವು.

ಪರೀಕ್ಷೆಗೆ ಬೇಕಾದ ಉಪಕರಣಗಳು ಎರಡು: ವೋಲ್ಟೇಜನ್ನು ಅಳೆಯುವ ಮಲ್ಟಿಮೀಟರು, ಆಮ್ಲದ ವಿಶಿಷ್ಟ ಗುರುತ್ವವನ್ನು ಅಳೆಯುವ ಹೈಡ್ರೋಮೀಟರು. ಸುಲ್ತಾನ್‌ಪೇಟೆಯಿಂದ ನಡೆದುಹೋಗುವಷ್ಟು ದೂರದಲ್ಲಿರುವ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಇಂತಹ ಉಪಕರಣಗಳು ದೊರೆಯುತ್ತವೆ. ಅವುಗಳ ಬೆಲೆಯು ಒಂದು ಬ್ಯಾಟರಿಯ ಬೆಲೆಯ ಮುಂದೆ ಅಲ್ಪವಾದುದು.

೪. 'ಆಗುವುದಿಲ್ಲ'

ಚಾರ್ಜರನ್ನು ಸಿಕ್ಕಿಸಿದರೂ ಸದ್ದಿಲ್ಲ, ದೀಪವಿಲ್ಲ, ಮುಳ್ಳು ಅಲುಗುವುದಿಲ್ಲ. ಇದು ಮೊದಲನೆಯ ಬಗೆ. ಇಲ್ಲಿ ದೋಷವನ್ನು ಕಾಲುವೆಯಲ್ಲಿ ಹುಡುಕಬೇಕು. ಗೋಡೆಯಿಂದ ಪ್ರಾರಂಭಿಸಿ ಬ್ಯಾಟರಿಯ ಕಡೆಗೆ ಒಂದೊಂದೇ ಹೆಜ್ಜೆ ಸಾಗಬೇಕು.

ಮೊದಲು ಗೋಡೆಯ ಸಾಕೆಟ್ಟು. ಅಲ್ಲಿ ೨೩೦ ವೋಲ್ಟ್ ಬರುತ್ತಿದೆಯೇ ಎಂಬುದನ್ನು ಬೇರೊಂದು ಉಪಕರಣವನ್ನು ಸಿಕ್ಕಿಸಿ ನೋಡಬಹುದು. ಉದ್ದವಾದ, ತೆಳುವಾದ ಎಕ್ಸ್‌ಟೆನ್ಷನ್ ವೈರಿನ ಮೂಲಕ ಚಾರ್ಜರನ್ನು ನಡೆಸುತ್ತಿದ್ದರೆ ವೋಲ್ಟೇಜು ದಾರಿಯಲ್ಲಿಯೇ ಕುಸಿಯುತ್ತದೆ, ವೈರು ಬಿಸಿಯಾಗುತ್ತದೆ; ಅದನ್ನು ಬಿಡತಕ್ಕದ್ದು. ಎರಡನೆಯದು ಚಾರ್ಜರಿನ ಫ್ಯೂಸು. ಮೂರನೆಯದು ಬಂಡಿಯ ಮೈಯಲ್ಲಿರುವ ಚಾರ್ಜಿಂಗ್ ಸಾಕೆಟ್ಟು. ದಿನವೂ ಸಿಕ್ಕಿಸಿ ಕೀಳುವುದರಿಂದ ಅದರೊಳಗಿನ ಲೋಹದ ಹಲ್ಲುಗಳು ಸಡಿಲವಾಗಿ, ಕಿಡಿ ಹಾರಿ, ಕಪ್ಪಾಗಿರುತ್ತವೆ.

ಅನಂತರ ಒಂದು ನಿರ್ಣಾಯಕ ಅಳತೆಯನ್ನು ಮಾಡಬೇಕು. ಬ್ಯಾಟರಿ ಸಮೂಹದ ಮೊದಲನೆಯ ಮತ್ತು ಕೊನೆಯ ಕಂಬಗಳ ನಡುವಿನ ವೋಲ್ಟೇಜನ್ನು ಬರೆದುಕೊಂಡು, ಆಮೇಲೆ ಬಂಡಿಯ ಸಾಕೆಟ್ಟಿನಲ್ಲಿಯೂ ವೋಲ್ಟೇಜನ್ನು ಅಳೆಯಬೇಕು. ಬ್ಯಾಟರಿಯಿಂದ ನೇರವಾಗಿ ತಂತಿ ಬಂದಿರುವ ಬಂಡಿಗಳಲ್ಲಿ ಎರಡೂ ಒಂದೇ ಆಗಿರಬೇಕು. ಕಂಬಗಳಲ್ಲಿ ೪೭ ಇದ್ದು ಸಾಕೆಟ್ಟಿನಲ್ಲಿ ಸೊನ್ನೆ ಬಂದರೆ, ಬ್ಯಾಟರಿಯಲ್ಲಾಗಲಿ ಚಾರ್ಜರಿನಲ್ಲಾಗಲಿ ದೋಷವಿಲ್ಲ. ನಡುವಣ ತಂತಿಯಲ್ಲೋ ಫ್ಯೂಸಿನಲ್ಲೋ ಇದೆ. ನಡುವೆ ನಿಯಂತ್ರಕ ಪೆಟ್ಟಿಗೆಯಿರುವ ಬಂಡಿಗಳಲ್ಲಿ ತಯಾರಕರ ಕೈಪಿಡಿಯನ್ನು ನೋಡಿಕೊಂಡೇ ಈ ಅಳತೆಯನ್ನು ಅರ್ಥೈಸಬೇಕು.

ಎರಡು ಕಡೆಯ ವೋಲ್ಟೇಜೂ ಸಮನಾಗಿದ್ದು ತೀರ ಕಡಿಮೆಯಾಗಿದ್ದರೆ, ಜನರನ್ನು ಬಹುವಾಗಿ ದಿಕ್ಕು ತಪ್ಪಿಸುವ ಸಂಗತಿಯೊಂದು ಎದುರಾಗುತ್ತದೆ. ಸ್ವಯಂಚಾಲಕವಾದ ಅನೇಕ ಚಾರ್ಜರುಗಳು ಎದುರಿಗೆ ಬ್ಯಾಟರಿಯಿದೆಯೆಂದು ಅದರ ವೋಲ್ಟೇಜಿನಿಂದಲೇ ತಿಳಿಯುತ್ತವೆ. ತಿಂಗಳುಗಟ್ಟಲೆ ನಿಂತ ಬಂಡಿಯ ವೋಲ್ಟೇಜು ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದಿದ್ದರೆ, ಬ್ಯಾಟರಿಯೇ ಇಲ್ಲವೆಂಬಂತೆ ಚಾರ್ಜರು ಸುಮ್ಮನಿರುತ್ತದೆ. ಆಗ ಚಾರ್ಜರು ಸತ್ತಿದೆಯೆಂದು ಹೊಸದನ್ನು ತಂದರೆ ಅದೂ ಹಾಗೆಯೇ ಸುಮ್ಮನಿರುವುದು. ಇದಕ್ಕೆ ಪರಿಹಾರವು ಸುಲಭ: ಪ್ರತಿಯೊಂದು ಬ್ಯಾಟರಿಗೂ ಅದರ ವೋಲ್ಟಿಗೆ ಸರಿಯಾದ ಸಣ್ಣ ಚಾರ್ಜರಿನಿಂದ, ಎದುರಿಗೆ ಕುಳಿತು ನೋಡುತ್ತ, ಸ್ವಲ್ಪ ಕಾಲ ಬೇರೆಬೇರೆಯಾಗಿ ಚಾರ್ಜು ಕೊಡುವುದು. ಒಟ್ಟು ವೋಲ್ಟೇಜು ಮೇಲೆದ್ದ ಬಳಿಕ ಬಂಡಿಯ ಚಾರ್ಜರು ತಾನಾಗಿಯೇ ಕೆಲಸಕ್ಕೆ ತೊಡಗುತ್ತದೆ.

೫. 'ಹಿಡಿಯುವುದಿಲ್ಲ'

ಚಾರ್ಜರು ನಡೆಯುತ್ತದೆ, ಆದರೆ ಅರ್ಧ ಗಂಟೆಯಲ್ಲಿಯೇ 'ತುಂಬಿತು' ಎಂದು ದೀಪ ತೋರಿಸಿ ನಿಲ್ಲುತ್ತದೆ. ಬಂಡಿಯನ್ನು ಹೊರಡಿಸಿದರೆ ಒಂದು ಸುತ್ತಿಗೆ ಸೋತುಹೋಗುತ್ತದೆ. ಇದು ಹೂಳಿನ ದೋಷವು.

ಫಲಕಗಳ ಮೇಲೆ ಕೂತ ಸಲ್ಫೇಟು ಹೊಸದಾಗಿದ್ದಾಗ ಚಾರ್ಜಿನಿಂದ ಕರಗಿಹೋಗುತ್ತದೆ. ಬ್ಯಾಟರಿಯನ್ನು ಬರಿದಾಗಿಯೇ ಬಹುದಿನ ಬಿಟ್ಟರೆ, ಇಲ್ಲವೆ ದಿನವೂ ಅರ್ಧಂಬರ್ಧ ಚಾರ್ಜು ಮಾಡಿದರೆ, ಅದು ಗಟ್ಟಿಯಾದ ದೊಡ್ಡ ಹರಳುಗಳಾಗುತ್ತದೆ. ಆಗ ಫಲಕದಲ್ಲಿ ಕೆಲಸಮಾಡುವ ಭಾಗವು ಕುಗ್ಗಿ, ಒಳಗಿನ ತಡೆಯು ಹೆಚ್ಚುತ್ತದೆ. ಚಾರ್ಜರು ವೋಲ್ಟೇಜನ್ನು ನೋಡಿ ತೀರ್ಮಾನಿಸುವ ಯಂತ್ರ. ತಡೆಯು ಹೆಚ್ಚಾದಾಗ ವೋಲ್ಟೇಜು ಬೇಗನೆ ಏರುವುದರಿಂದ, ತುಂಬದ ಬ್ಯಾಟರಿಯನ್ನು ತುಂಬಿದೆಯೆಂದು ಭ್ರಮಿಸುತ್ತದೆ.

ಈ ಭ್ರಮೆಯನ್ನು ಬಿಡಿಸುವುದು ಹೈಡ್ರೋಮೀಟರು. ಪೂರ್ಣ ಚಾರ್ಜಾದ ಕೋಶದಲ್ಲಿ ಆಮ್ಲದ ವಿಶಿಷ್ಟ ಗುರುತ್ವವು ಸಾಮಾನ್ಯವಾಗಿ ೧.೨೬೫ರಿಂದ ೧.೨೮೦ರವರೆಗೆ ಇರುತ್ತದೆ, ಉಷ್ಣದೇಶಗಳಿಗಾಗಿ ತುಸು ತೆಳುವಾದ ಆಮ್ಲವನ್ನು ತುಂಬಿರುವುದೂ ಉಂಟಾದ್ದರಿಂದ ತಯಾರಕರ ಅಂಕವನ್ನು ನೋಡಿಕೊಳ್ಳಬೇಕು. ಚಾರ್ಜರು ತುಂಬಿತೆಂದಾಗಲೂ ಎಲ್ಲ ಕೋಶಗಳಲ್ಲಿ ೧.೨೦೦ರ ಸುಮಾರಿಗೆ ನಿಂತಿದ್ದರೆ, ಸಲ್ಫೇಟು ಗಟ್ಟಿಯಾಗಿರುವುದು ಬಹುಮಟ್ಟಿಗೆ ನಿಶ್ಚಯವು. ಎಲ್ಲ ಕೋಶಗಳಲ್ಲಿ ಸಮನಾಗಿ ಕಡಿಮೆಯಿದ್ದರೆ, ಕೈಪಿಡಿಯು ಅನುಮತಿಸುವ ಪಕ್ಷದಲ್ಲಿ, ಸಮೀಕರಣ ಚಾರ್ಜು ಎಂಬ ನಿಯಂತ್ರಿತವಾದ ಅಧಿಕ ಚಾರ್ಜಿನಿಂದ ಕೆಲಮಟ್ಟಿಗೆ ಚೇತರಿಸಿಕೊಳ್ಳಬಹುದು. ಬಹುಕಾಲದ ಹೂಳನ್ನು ಇದು ತೆಗೆಯಲಾರದು.

ಇದೇ ಲಕ್ಷಣವನ್ನು ತೋರಿಸುವ ಇನ್ನೊಂದು ಕಾರಣವೂ ಉಂಟು. ಕಂಬಕ್ಕೂ ತಂತಿಗೂ ನಡುವೆ ಬಿಳಿಯ ಅಥವಾ ಹಸುರಾದ ಕಿಲುಬು ಬೆಳೆದಿದ್ದರೆ ಅಲ್ಲಿಯೂ ತಡೆಯು ಹೆಚ್ಚುತ್ತದೆ. ಚಾರ್ಜು ನಡೆಯುತ್ತಿರುವಾಗ ಪ್ರತಿಯೊಂದು ಜೋಡಣೆಯ ಎರಡು ಬದಿಗೂ ಮೀಟರಿನ ಮುಳ್ಳುಗಳನ್ನು ಇಟ್ಟು ನೋಡಬೇಕು. ಒಳ್ಳೆಯ ಜೋಡಣೆಯಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ. ಕೆಟ್ಟದ್ದರಲ್ಲಿ ಅಂಕವು ಎದ್ದು ಕಾಣುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಕೋಶದೊಳಕ್ಕೆ ಒಂದು ಹನಿಯೂ ಇಳಿಯದಂತೆ ತೊಳೆದು, ಒರೆಸಿ, ಬಿಗಿದರೆ ಸಾಕು. ಕೆಲವು ರೂಪಾಯಿಯ ಸೋಡಾದಿಂದ ತೀರುವ ದೋಷಕ್ಕೆ ಸಮೂಹವನ್ನೇ ಬದಲಿಸುವುದು ಎಂತಹ ನಷ್ಟವೆಂಬುದನ್ನು ಹೇಳಬೇಕಾಗಿಲ್ಲ.

೬. 'ನಿಲ್ಲುವುದಿಲ್ಲ'

ಸಂಜೆ ಚಾರ್ಜು ಪೂರ್ಣವಾಗುತ್ತದೆ, ಗುರುತ್ವವೂ ಸರಿಯಾಗಿದೆ, ಬಂಡಿಯನ್ನು ಮುಟ್ಟದೆ ಬಿಟ್ಟರೂ ಎರಡು ದಿನಗಳಲ್ಲಿ ಇಳಿದುಹೋಗಿರುತ್ತದೆ. ಇದು ತೂಬಿನ ಸೋರಿಕೆ.

ಚಾರ್ಜರನ್ನು ತೆಗೆದ ಕೂಡಲೆ ಅಳೆದರೆ ಫಲಕದ ಮೇಲ್ಪದರದ ಚಾರ್ಜಿನಿಂದ ಅಂಕವು ಹೆಚ್ಚಾಗಿ ಕಾಣುತ್ತದೆ. ಕೆಲವು ಗಂಟೆ ಸುಮ್ಮನೆ ಬಿಟ್ಟು ಆಮೇಲೆ ಅಳೆಯಬೇಕು. ಆಗ ಪೂರ್ಣ ಚಾರ್ಜಾದ ೪೮ ವೋಲ್ಟಿನ ಸಮೂಹವು ೫೧ರ ಸಮೀಪದಲ್ಲಿಯೂ ಅರ್ಧ ಚಾರ್ಜಿನದು ೪೮.೪ರ ಸಮೀಪದಲ್ಲಿಯೂ ಇರುತ್ತದೆ. ಹೆಸರಿಗೆ ೪೮ ವೋಲ್ಟಾದ ಸಮೂಹವು ೪೮ ತೋರಿಸಿದರೆ ಅದು ತುಂಬಿದೆಯೆಂದು ಅನೇಕರು ತಿಳಿಯುತ್ತಾರೆ. ಅದು ಅರ್ಧಕ್ಕಿಂತ ಕೆಳಗಿದೆಯೆಂಬುದು ಇದರಿಂದ ವ್ಯಕ್ತವಾಗುವುದು.

ಸಮೂಹವನ್ನು ಬಂಡಿಯಿಂದ ಬೇರ್ಪಡಿಸಿ ಎರಡು ದಿನ ಇಟ್ಟು ನೋಡಬೇಕು. ಹಾಗೆ ಇಟ್ಟಾಗ ವೋಲ್ಟೇಜು ಇಳಿಯದಿದ್ದರೆ ಸೋರಿಕೆಯು ಬಂಡಿಯಲ್ಲಿದೆ: ಆರಿಸಲು ಮರೆತ ದೀಪ, ಆಮೇಲೆ ಸೇರಿಸಿದ ಹಾರನ್ನು, ದೀಪಗಳಿಗಾಗಿ ವೋಲ್ಟೇಜನ್ನು ಇಳಿಸುವ ಪೆಟ್ಟಿಗೆ, ಹೀಗೆ ಯಾವುದೋ ಒಂದು ಸದಾ ಸ್ವಲ್ಪಸ್ವಲ್ಪವಾಗಿ ಕುಡಿಯುತ್ತಿರುತ್ತದೆ. ಬೇರ್ಪಡಿಸಿದರೂ ಇಳಿದರೆ ಸೋರಿಕೆಯು ಬ್ಯಾಟರಿಯಲ್ಲಿಯೇ ಇದೆ. ಮುಚ್ಚಳದ ಮೇಲೆ ಆಮ್ಲ ಬೆರೆತ ಧೂಳಿನ ಪದರವಿದ್ದರೆ ಅದರ ಮೂಲಕವೂ ವಿದ್ಯುತ್ತು ಹರಿಯುತ್ತದೆ. ಅದನ್ನು ತೊಳೆದು ಮತ್ತೊಮ್ಮೆ ಪರೀಕ್ಷಿಸಬೇಕು.

೭. 'ಮುಗಿಯುವುದಿಲ್ಲ'

ರಾತ್ರಿಯಿಡೀ ನಡೆದರೂ ಚಾರ್ಜರು ನಿಲ್ಲುವುದಿಲ್ಲ, ಬ್ಯಾಟರಿ ಬಿಸಿಯಾಗುತ್ತದೆ, ಕೋಶಗಳು ಕುದಿಯುವ ಸದ್ದು ಕೇಳಿಸುತ್ತದೆ. ನಾಲ್ಕರಲ್ಲಿ ಇದೇ ಅಪಾಯಕರವಾದುದು.

ಚಾರ್ಜಿನ ಕೊನೆಯ ಘಟ್ಟದಲ್ಲಿ ಪ್ರತಿ ಕೋಶಕ್ಕೂ ಸುಮಾರು ೨.೪೫ ವೋಲ್ಟಿನಂತೆ ೨೪ ಕೋಶಗಳಿಗೆ ೫೮.೮ ವೋಲ್ಟ್ ಆಗಬೇಕು. ಒಂದು ಕೋಶದೊಳಗೆ ಫಲಕಗಳು ಒಂದಕ್ಕೊಂದು ತಗುಲಿ ಅದು ಸತ್ತಿದ್ದರೆ, ಉಳಿದ ೨೩ ಕೋಶಗಳು ಆ ಘಟ್ಟವನ್ನು ಮುಟ್ಟಿದಾಗಲೂ ಒಟ್ಟು ೫೬ರ ಸುಮಾರಿಗೆ ನಿಲ್ಲುತ್ತದೆ. ಚಾರ್ಜರು ಕಾಯುತ್ತಿರುವ ಅಂಕವು ಬರುವುದೇ ಇಲ್ಲ. ಅದು ಮತ್ತೂ ಮತ್ತೂ ನೂಕುತ್ತಿರುತ್ತದೆ. ಒಂದರ ದೋಷಕ್ಕಾಗಿ ಇಪ್ಪತ್ತಮೂರು ಬೇಯುತ್ತವೆ.

ದೋಷಿಯನ್ನು ಹುಡುಕುವುದು ಕಷ್ಟವಲ್ಲ. ೮ ವೋಲ್ಟಿನ ಆರು ಬ್ಯಾಟರಿಗಳಿದ್ದಲ್ಲಿ, ವಿಶ್ರಾಂತಿಯ ಬಳಿಕ ಒಂದೊಂದನ್ನೂ ಅಳೆಯಬೇಕು. ಐದು ೮.೪ರ ಮೇಲಿದ್ದು ಒಂದು ಮಾತ್ರ ೬.೪ರ ಹತ್ತಿರವಿದ್ದರೆ, ಕೊರತೆಯಾದ ೨ ವೋಲ್ಟೇ ಸತ್ತ ಕೋಶದ ಗುರುತು. ವ್ಯತ್ಯಾಸವು ಅಷ್ಟು ಸ್ಪಷ್ಟವಾಗಿಲ್ಲದಿದ್ದರೆ ಗುರುತ್ವವನ್ನು ನೋಡಬೇಕು. ಪೂರ್ಣ ಚಾರ್ಜಿನ ಅನಂತರವೂ ಕೋಶಕೋಶಗಳ ನಡುವೆ ೦.೦೫೦ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆಯಿರುವ ಕೋಶವು ದುರ್ಬಲವಾದುದು. ಸಮೂಹವು ಇನ್ನೂ ಹೊಸದಾಗಿದ್ದರೆ ಆ ಒಂದು ಬ್ಯಾಟರಿಯನ್ನು ಮಾತ್ರ ಅದೇ ಜಾತಿಯ, ಸಮಾನ ವಯಸ್ಸಿನದರಿಂದ ಬದಲಿಸಬಹುದು. ಎಲ್ಲವೂ ಮುದಿಯಾಗಿದ್ದಲ್ಲಿ ಒಂದು ಹೊಸದನ್ನು ಸೇರಿಸಿದರೆ ಹಳೆಯವುಗಳ ಸಹವಾಸದಲ್ಲಿ ಅದೂ ಬೇಗ ಕೆಡುವುದು.

ಎಲ್ಲ ಕೋಶಗಳೂ ಸಮನಾಗಿದ್ದು ಚಾರ್ಜರು ಮಾತ್ರ ನಿಲ್ಲದಿದ್ದರೆ, ಆಗ, ಆಗ ಮಾತ್ರ, ಚಾರ್ಜರಿನ ಮೇಲೆ ದೋಷವನ್ನು ಹೊರಿಸಬಹುದು.

೮. ನೀರು ಮತ್ತು ಎಚ್ಚರಿಕೆ

ಚಾರ್ಜಿನ ಕೊನೆಯಲ್ಲಿ ನೀರು ಒಡೆದು ಜಲಜನಕವೂ ಆಮ್ಲಜನಕವೂ ಹೊರಬರುತ್ತವೆ. ಆದಕಾರಣ ಮುಚ್ಚಳ ತೆರೆಯುವ ಜಾತಿಯ ಬ್ಯಾಟರಿಗೆ ಆಗಾಗ್ಗೆ ನೀರು ಬೇಕು. ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಕೊಳವೆಬಾವಿಯ ಗಡಸು ನೀರಾಗಲಿ ನಲ್ಲಿಯ ನೀರಾಗಲಿ ಸಲ್ಲದು, ಏಕೆಂದರೆ ಅದರಲ್ಲಿರುವ ಲವಣಗಳು ಫಲಕಗಳಿಗೆ ವಿಷವು. ನೀರನ್ನು ಚಾರ್ಜು ಮುಗಿದ ಮೇಲೆ ಹಾಕಬೇಕು. ಮೊದಲೇ ತುಂಬಿದರೆ ಚಾರ್ಜಿನಲ್ಲಿ ಉಬ್ಬಿ ಆಮ್ಲವು ಹೊರಚೆಲ್ಲುತ್ತದೆ. ಫಲಕಗಳು ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟನ್ನು ಮೊದಲು ಹಾಕಿ, ಉಳಿದದ್ದನ್ನು ಆಮೇಲೆ ಹಾಕಬೇಕು. ಆಮ್ಲವನ್ನು ಎಂದಿಗೂ ಸೇರಿಸಬಾರದು.

ಜಲಜನಕವು ಗಾಳಿಯಲ್ಲಿ ನೂರಕ್ಕೆ ೪ ಭಾಗವನ್ನು ಮೀರಿದರೆ ಒಂದು ಕಿಡಿಯಿಂದ ಸಿಡಿಯುತ್ತದೆ. ಗಾಳಿಯಾಡದ ಕೊಠಡಿಯಲ್ಲಿ ಚಾರ್ಜು ಮಾಡುವುದೂ, ಬೀಡಿ ಸೇದುತ್ತ ಮುಚ್ಚಳ ತೆರೆಯುವುದೂ ಪ್ರಾಣಾಪಾಯಕರವು. ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು, ಕಣ್ಣಿಗೆ ಕನ್ನಡಕವನ್ನೂ ಕೈಗೆ ರಬ್ಬರಿನ ಕವಚವನ್ನೂ ಧರಿಸಬೇಕು. ಎರಡು ಕಂಬಗಳ ನಡುವೆ ಬಿದ್ದ ಸ್ಪ್ಯಾನರು ಕ್ಷಣದಲ್ಲಿ ಕೆಂಪಗೆ ಕಾಯಬಲ್ಲದು. ಚಾರ್ಜರಿನ ಪೆಟ್ಟಿಗೆಯನ್ನು ಬಿಚ್ಚುವುದು ತಜ್ಞರ ಕೆಲಸವು.

ಲಿಥಿಯಂ ಬ್ಯಾಟರಿಯ ಬಂಡಿಗಳೂ ಈಗ ಬಂದಿವೆ. ಅವುಗಳಿಗೆ ನೀರಾಗಲಿ ಹೈಡ್ರೋಮೀಟರಾಗಲಿ ಬೇಕಿಲ್ಲ. ಕೋಶಗಳನ್ನು ಕಾಯುವ ಒಂದು ವಿದ್ಯುನ್ಮಂಡಲವು ಒಳಗೇ ಇದ್ದು, ಕೋಶವೊಂದು ಮಿತಿಯನ್ನು ಮೀರಿದರೆ ದಾರಿಯನ್ನು ಮುಚ್ಚಿಬಿಡುತ್ತದೆ. ಅವುಗಳಲ್ಲಿ 'ಆಗುವುದಿಲ್ಲ' ಎಂಬುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಮೇಲೆ ಹೇಳಿದ ಬಿಡಿ ಚಾರ್ಜಿನ ಉಪಾಯವನ್ನು ಅವುಗಳ ಮೇಲೆ ಪ್ರಯೋಗಿಸಕೂಡದು, ಬೆಂಕಿಯ ಭಯವಿದೆ.

೯. ಉಪಸಂಹಾರ

ಅಳೆಯದೆ ಬದಲಿಸುವುದರಿಂದ ಆಗುವ ಹಾನಿಯು ಹಣದ್ದು ಮಾತ್ರವಲ್ಲ. ಎಸೆದ ಬ್ಯಾಟರಿಯಲ್ಲಿ ಸೀಸವಿದೆ. ಅದನ್ನು ಸರಿಯಾದ ರಕ್ಷಣೆಯಿಲ್ಲದೆ ಒಡೆದು ಕರಗಿಸುವ ಕಡೆಗಳಲ್ಲಿ ಹೊಗೆಯೂ ಧೂಳೂ ಸುತ್ತಣ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತವೆ. ೨೦೦೧ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹಳೆಯ ಬ್ಯಾಟರಿಯು ತಯಾರಕರ ಹೊಣೆಯಲ್ಲಿ ಅಧಿಕೃತ ಸಂಸ್ಕರಣಕ್ಕೆ ಹಿಂದಿರುಗಬೇಕೆಂದು ವಿಧಿಸಿವೆ. ಆದರೂ ಕೆಡದ ಬ್ಯಾಟರಿಯನ್ನು ಕೆಟ್ಟಿತೆಂದು ಹೊರಹಾಕದಿರುವುದೇ ಮೊದಲನೆಯ ರಕ್ಷಣೆ.

ಇದಕ್ಕಾಗಿ ಬಂಡಿಗಳನ್ನು ಇಟ್ಟಿರುವ ಸಂಸ್ಥೆಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಬಂಡಿಗೊಂದು ಪುಸ್ತಕವನ್ನಿಟ್ಟು, ಅದರಲ್ಲಿ ತಿಂಗಳಿಗೊಮ್ಮೆ ಪ್ರತಿ ಬ್ಯಾಟರಿಯ ವೋಲ್ಟೇಜನ್ನೂ ಕೋಶಗಳ ಗುರುತ್ವವನ್ನೂ ಬರೆಯಿಸಬೇಕು. ಬಂಡಿ ಕೆಟ್ಟ ದಿನ, ನಡೆಸುವವನ ಮಾತನ್ನು 'ಬ್ಯಾಟರಿ ದೋಷ' ಎಂದು ಸಂಗ್ರಹಿಸದೆ, ಅವನು ಆಡಿದ ಕ್ರಿಯಾಪದದೊಡನೆಯೇ ಬರೆದುಕೊಳ್ಳಬೇಕು. ಅವನು ಪದಗಳನ್ನು ಬೆರೆಸಿ ಹೇಳಿದರೆ, 'ಆಗುವುದಿಲ್ಲವೋ, ಹಿಡಿಯುವುದಿಲ್ಲವೋ, ನಿಲ್ಲುವುದಿಲ್ಲವೋ, ಮುಗಿಯುವುದಿಲ್ಲವೋ' ಎಂದು ಕೇಳಬೇಕು. ದಿನವೂ ಬಂಡಿಯೊಡನೆ ಇರುವವನಿಗೆ ಉತ್ತರವು ಗೊತ್ತಿರುತ್ತದೆ.

ಪಾರಿಭಾಷಿಕ ಪದಗಳನ್ನು ರಚಿಸುವವರಿಗೂ ಇಲ್ಲಿ ಒಂದು ಸೂಚನೆಯಿದೆ. ಬ್ಯಾಟರಿ, ಚಾರ್ಜು ಮೊದಲಾದ ನಾಮಪದಗಳು ಹೊರಗಿನಿಂದ ಬಂದು ನೆಲೆಸಿವೆ. ಅವುಗಳಿಗೆ ಸಂಸ್ಕೃತದ ಉಡುಪನ್ನು ತೊಡಿಸುವುದರಿಂದ ವಿಶೇಷ ಲಾಭವಿಲ್ಲ. ದೋಷವನ್ನು ವಿಂಗಡಿಸುವ ಶಕ್ತಿಯಿರುವುದು ಕೆರೆ ಬಾವಿಗಳ ಕಾಲದಿಂದ ಬಂದಿರುವ ನಮ್ಮ ಕ್ರಿಯಾಪದಗಳಲ್ಲಿ. ತಾಂತ್ರಿಕ ಶಾಲೆಗಳಿಗಾಗಿ ಕನ್ನಡದಲ್ಲಿ ಕೈಪಿಡಿಗಳನ್ನು ಬರೆಯುವವರು ಇವನ್ನು ಲಕ್ಷಣಸಹಿತವಾಗಿ ಗೊತ್ತುಪಡಿಸಿಕೊಂಡು ಬಳಕೆಗೆ ತರುವರೆಂದು ನಿರೀಕ್ಷಿಸಬಹುದಾಗಿದೆ.